ಒಂದೇ ಜಾಕು, ಐದು ಟೈರು: ಸ್ಟೆಪ್ನಿ, ಸೆನ್ಸರ್ ಸಮೇತ ಮನೇಲೇ ಟೈರ್ ರೊಟೇಶನ್

ಟೈರ್ ರೊಟೇಶನ್, ಅಂದ್ರೆ ಎಲ್ಲಾ ಟೈರೂ ಸಮವಾಗಿ ಸವೆಯೋ ಹಾಗೆ ಅವುಗಳ ಜಾಗ ಬದಲಾಯಿಸೋದು, ಅಂದ ತಕ್ಷಣ ಬಹಳ ಜನ ನೆಲದ ಮೇಲಿರೋ ನಾಲ್ಕನ್ನೇ ಲೆಕ್ಕಕ್ಕೆ ತಗೋತಾರೆ, ಡಿಕ್ಕಿಯಲ್ಲಿ ಮಲಗಿರೋ ಐದನೇದು ನೆನಪಾಗೋದು ಪಂಕ್ಚರ್ ಆದ ದಿನ ಮಾತ್ರ. ಆದ್ರೆ ನಿಮ್ಮ ಸ್ಟೆಪ್ನಿ ಮಿಕ್ಕ ನಾಲ್ಕರ ಸೈಜಿನದ್ದೇ ಆಗಿದ್ರೆ, ಅದನ್ನೂ ಸೇರಿಸ್ಕೊಂಡು ಐದನ್ನೂ ತಿರುಗಿಸೋದು ನಾಲ್ಕನ್ನ ತಿರುಗಿಸೋದಕ್ಕಿಂತ ಸುಲಭ. ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ಲೆಕ್ಕ ಹಾಗೇ ಇದೆ: ನಾಲ್ಕು ಟೈರ್ ಅದಲು ಬದಲು ಮಾಡೋಕೆ ಒಂದು ಚಕ್ರ ಬಿಚ್ಚಿದ ಜಾಗದಲ್ಲಿ ಏನಾದ್ರೂ ನಿಲ್ಲಿಸ್ಬೇಕು, ಇಲ್ಲಾಂದ್ರೆ ಎತ್ತಿದ ಗಾಡಿನ ಹಿಡಿದು ನಿಲ್ಲಿಸೋ ಎರಡು ಮೂರು ಜಾಕ್ ಸ್ಟ್ಯಾಂಡ್ ಬೇಕು. ಐದು ಟೈರ್ ಇದ್ರೆ ಆ ಖಾಲಿ ಜಾಗಕ್ಕೆ ಸ್ಟೆಪ್ನಿ ಬಂದು ಕೂತ್ಕೊಳ್ಳುತ್ತೆ, ಕಾರಿನ ಜೊತೆ ಬಂದ ಒಂದೇ ಜಾಕಲ್ಲಿ ನಾಲ್ಕು ಸಲ ಎತ್ತಿ ಇಳಿಸಿದ್ರೆ ಕೆಲಸ ಮುಗೀತು.

ಯಾಕೆ ತಿರುಗಿಸ್ಬೇಕು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಎಳೆಯೋದೂ ಮುಂದಿನ ಟೈರೇ, ತಿರುಗೋದೂ ಅದೇ, ಬ್ರೇಕ್ ಒತ್ತಿದಾಗ ಹೆಚ್ಚಿನ ಭಾರ ತಗೊಳ್ಳೋದೂ ಅದೇ, ಹಾಗಾಗಿ ಮುಂದಿನವು ಬೇಗ ಸವೀತವೆ, ಅದ್ರಲ್ಲೂ ಅಂಚುಗಳು. ಹಿಂದಿನವು ಸುಮ್ನೆ ಉರುಳ್ಕೊಂಡು ಬರೋದು. ಹಾಗೇ ಬಿಟ್ರೆ ಮುಂದಿನ ಎರಡು ಬೋಳಾಗೋ ಹೊತ್ತಿಗೆ ಹಿಂದಿನ ಎರಡು ಅರ್ಧಕ್ಕೂ ಬಂದಿರಲ್ಲ, ಆಮೇಲೆ ಯಾವಾಗ್ಲೂ ಎರಡೆರಡೇ ಟೈರ್ ಬದಲಾಯಿಸ್ತಾ ಇರ್ಬೇಕು. 8,000ದಿಂದ 10,000 ಕಿಮೀಗೆ ಒಂದ್ಸಲ ತಿರುಗಿಸೋದು ಸಾಮಾನ್ಯ ಲೆಕ್ಕ, ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ರೆ ಅದೇ ಸರಿ. ಸರ್ವಿಸ್ ಜೊತೆಗೆ ಸೇರಿಸ್ಕೊಂಡ್ರೆ ಮರೆತುಹೋಗಲ್ಲ.

ಇನ್ನು ಐದು ಟೈರಲ್ಲಿ ಪ್ರತಿಯೊಂದೂ ಐದರಲ್ಲಿ ಒಂದು ಭಾಗ ದೂರ ರೆಸ್ಟ್ ತಗೊಳ್ಳುತ್ತೆ. ಅಂದ್ರೆ ನಾಲ್ಕೇ ತಿರುಗಿಸಿದ್ರೆ 40,000 ಕಿಮೀ ಬರೋ ಟೈರು ಐದು ತಿರುಗಿಸಿದ್ರೆ ಸೆಟ್ ಆಗಿ 50,000 ಬರುತ್ತೆ. ಆದ್ರೆ ಕೊನೆಗೆ ನಾಲ್ಕರ ಬದಲು ಐದು ಕೊಳ್ಬೇಕಲ್ಲ, ಹಾಗಾಗಿ ಉಳಿತಾಯ ಅಂತ ದೊಡ್ಡದಾಗಿ ಹೇಳೋಕಾಗಲ್ಲ. ನಿಜವಾದ ಲಾಭ ಬೇರೆ: ಸ್ಟೆಪ್ನಿ ಓಡದೇ ಇದ್ರೂ ವಯಸ್ಸಾಗುತ್ತೆ, ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತೆ, ಎಂಟತ್ತು ವರ್ಷ ಹಾಗೇ ಇಟ್ಟು ಟ್ರೆಡ್ (ನೆಲಕ್ಕೆ ತಾಗೋ ಅಚ್ಚಿನ ಭಾಗ) ಹೊಸದಾಗಿದ್ರೂ ಎಸೆಯೋ ಹಾಗಾಗುತ್ತೆ. ತಿರುಗಿಸ್ತಾ ಇದ್ರೆ ಅದೂ ಉಪಯೋಗಕ್ಕೆ ಬರುತ್ತೆ, ಪ್ರತಿ ಸಲ ಗಾಳಿ ನೋಡೋದೂ ಆಗುತ್ತೆ.

ಬಿಚ್ಚೋಕೆ ಮುಂಚೆ ಟೈರ್ ಓದಿ

ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ಟೈರಿನ ಪಕ್ಕದ ಗೋಡೆ ಮೇಲೆ ಏನು ಬರೆದಿದೆ ನೋಡಿ. ಮೊದಲು ಸೈಜು, ಉದಾಹರಣೆಗೆ 195/55 ಆರ್ 16 ಅಂತಿರುತ್ತೆ, ಐದರಲ್ಲೂ ಒಂದೇ ಇರ್ಬೇಕು. ಮುಂದೆ ಒಂದು ಸೈಜು ಹಿಂದೆ ಒಂದು ಸೈಜು ಇರೋ ಕಾರುಗಳೂ ಇವೆ, ಅವುಗಳಲ್ಲಿ ಮುಂದಿನದು ಹಿಂದೆ ಹೋಗೋ ಹಾಗಿಲ್ಲ, ಹೆಚ್ಚಂದ್ರೆ ಎಡ ಬಲ ಬದಲಾಯಿಸ್ಬೋದು ಅಷ್ಟೇ. ಆಮೇಲೆ ಬಾಣದ ಗುರುತು ಇದೆಯಾ ನೋಡಿ. ಬಾಣ ಇದ್ರೆ ಅದು ಒಂದೇ ದಿಕ್ಕಿಗೆ ತಿರುಗಬೇಕಾದ ಟೈರು, ಎಡಗಡೆದು ಬಲಗಡೆಗೆ ಹಾಕಿದ್ರೆ ಉಲ್ಟಾ ತಿರುಗುತ್ತೆ, ನೀರು ಹೊರಗೆ ತಳ್ಳೋ ಕೆಲಸ ಕೆಡುತ್ತೆ. ಅಂಥದ್ದನ್ನ ಅದೇ ಪಕ್ಕದಲ್ಲಿ ಮುಂದೆ ಹಿಂದೆ ಮಾತ್ರ ಬದಲಾಯಿಸ್ಬೇಕು. 'ಔಟ್‌ಸೈಡ್' 'ಇನ್‌ಸೈಡ್' ಅಂತ ಮಾತ್ರ ಬರೆದಿದ್ರೆ ತೊಂದರೆ ಇಲ್ಲ, ರಿಮ್ ಮೇಲೆ ಸರಿಯಾಗಿ ಕೂತಿದ್ರೆ ಯಾವ ಮೂಲೆಗೂ ಹೋಗ್ಬೋದು. ಇವೆರಡನ್ನೂ ಒಂದೇ ಅಂದ್ಕೊಂಡು ಕನ್ಫ್ಯೂಸ್ ಆಗೋರು ತುಂಬ ಜನ.

ವಯಸ್ಸು ನೋಡೋದು ಹೇಗೆ ಅಂದ್ರೆ ಡಾಟ್ (DOT) ಅನ್ನೋ ಅಕ್ಷರಗಳ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ನೇ ಇಸವಿ 23ನೇ ವಾರ ತಯಾರಾಗಿದ್ದು. ಐದು ವರ್ಷ ದಾಟಿದ ಟೈರನ್ನ ವರ್ಷಕ್ಕೊಂದ್ಸಲ ಗೊತ್ತಿರೋರ ಹತ್ರ ತೋರಿಸಿ, ಹತ್ತು ವರ್ಷ ಆಯ್ತು ಅಂದ್ರೆ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ತೆಗೆದುಬಿಡಿ, ಸ್ಟೆಪ್ನಿಗೂ ಇದೇ ಮಾತು.

ಸ್ಟೆಪ್ನಿ ಬಗ್ಗೆ ಇನ್ನೂ ಸ್ವಲ್ಪ ನೋಡ್ಬೇಕು. ಸಣ್ಣ ಸೈಜಿನ ಟೆಂಪರರಿ ಸ್ಟೆಪ್ನಿ, ಅದರ ಮೇಲೆ 80 ಕಿಮೀ ವೇಗದ ಸ್ಟಿಕ್ಕರ್ ಇರುತ್ತಲ್ಲ, ಅದನ್ನ ಯಾವತ್ತೂ ರೊಟೇಶನ್‌ಗೆ ಸೇರಿಸ್ಬೇಡಿ, ಅದು ಪಂಕ್ಚರ್ ಅಂಗಡಿವರೆಗೆ ಹೋಗೋಕೆ ಮಾತ್ರ. ಸೈಜು ಒಂದೇ ಆದ್ರೂ ನಾಲ್ಕು ಅಲಾಯ್, ಸ್ಟೆಪ್ನಿ ಮಾತ್ರ ಸ್ಟೀಲ್ ರಿಮ್ ಆಗಿದ್ರೆ ಮ್ಯಾನ್ಯುಯಲ್ ತೆಗೆದು ನೋಡಿ. ಕೆಲವು ಕಾರಲ್ಲಿ ಎರಡಕ್ಕೂ ನಟ್ಟು ಬೇರೆ. ನಟ್ಟಿನ ಬದಲು ಬೋಲ್ಟ್ ಬರೋ ಕಾರಲ್ಲಿ ಇನ್ನೂ ಹುಷಾರು, ಅಲಾಯ್‌ಗೆ ಅಂತ ಮಾಡಿರೋ ಉದ್ದದ ಬೋಲ್ಟನ್ನ ತೆಳ್ಳಗಿನ ಸ್ಟೀಲ್ ರಿಮ್‌ಗೆ ಹಾಕಿದ್ರೆ ತುದಿ ಹಿಂದ್ಗಡೆ ಬ್ರೇಕ್ ಭಾಗಕ್ಕೆ ತಗಲೋ ಅಪಾಯ ಇದೆ. ಇನ್ನು ಕಾರಿನ ಹೊಟ್ಟೆ ಕೆಳಗೆ ಸರಪಳಿಗೋ ಕೇಬಲ್‌ಗೋ ನೇತಾಡೋ ಸ್ಟೆಪ್ನಿ ಇದ್ರೆ ಹಿಂದಿನ ದಿನಾನೇ ಇಳಿಸಿ ನೋಡಿ. ವರ್ಷಗಟ್ಲೆ ಕೆಸರು ಕುಡಿದು ಆ ವಿಂಚು ತುಕ್ಕು ಹಿಡಿದಿರುತ್ತೆ, ಇಳಿಸೋಕೇ ಅರ್ಧ ದಿನ ಹೋಗ್ಬೋದು.

ಅಳತೆಯೂ ಒಂದು ವಿಷಯ. ಹೊಸ ಕಾರಿನ ಟೈರಲ್ಲಿ ಟ್ರೆಡ್ ಆಳ ಸುಮಾರು 8 ಮಿಮೀ, ಸವೆದು 1.6 ಮಿಮೀಗೆ ಬಂದಾಗ ಟ್ರೆಡ್‌ನ ಸೀಳುಗಳೊಳಗಿನ ಸಣ್ಣ ದಿಬ್ಬಗಳು ಟ್ರೆಡ್ ಸಮಕ್ಕೆ ಬರ್ತವೆ, ಅದು ಕೊನೆ. ಐದು ಟೈರ್ ರೊಟೇಶನ್ ಶುರು ಮಾಡೋಕೆ ಒಳ್ಳೆ ಟೈಮು ಐದೂ ಹೊಸದಿರುವಾಗ. ನಾಲ್ಕು ಅರ್ಧ ಸವೆದ ಮೇಲೆ ಹೊಚ್ಚ ಹೊಸ ಸ್ಟೆಪ್ನಿನ ಒಂದು ಮೂಲೆಗೆ ಹಾಕಿದ್ರೆ ಆ ಆಕ್ಸಲ್‌ನಲ್ಲಿ ಒಂದು ಚಕ್ರ ದೊಡ್ಡದು ಒಂದು ಚಿಕ್ಕದು ಆಗುತ್ತೆ. ಲೆಕ್ಕ ನೋಡಿ, ಟ್ರೆಡ್‌ನಲ್ಲಿ 2 ಮಿಮೀ ವ್ಯತ್ಯಾಸ ಅಂದ್ರೆ ಸುತ್ತಳತೆಯಲ್ಲಿ 12 ಮಿಮೀಗಿಂತ ಜಾಸ್ತಿ, ಕಿಲೋಮೀಟರಿಗೆ 500 ಸುತ್ತು ಹೊಡೆದ್ರೆ ಒಂದು ಟೈರು ಇನ್ನೊಂದಕ್ಕಿಂತ 6 ಮೀಟರ್ ಮುಂದೆ. ಆ ವ್ಯತ್ಯಾಸನ ಡಿಫರೆನ್ಶಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರಿನ ಭಾಗ) ಸದಾ ನುಂಗ್ತಾ ಇರ್ಬೇಕು. ಆಲ್ ವೀಲ್ ಡ್ರೈವ್ ಗಾಡಿಗೆ ಇದು ತುಂಬಾನೇ ಕೆಟ್ಟದ್ದು, ನಡುವಿನ ಡಿಫರೆನ್ಶಿಯಲ್ಲೋ ಕ್ಲಚ್ಚೋ ಬಿಸಿಯಾಗಿ ಹಾಳಾಗ್ಬೋದು, ಎಷ್ಟು ವ್ಯತ್ಯಾಸ ತಡ್ಕೊಳ್ಳುತ್ತೆ ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತೆ. ಹಾಗಾಗಿ ಮಧ್ಯದಲ್ಲಿ ನೆನಪಾಯ್ತು ಅಂತ ಸ್ಟೆಪ್ನಿ ಎಳ್ಕೊಂಡು ಬರೋ ಬದಲು ಈ ಸೆಟ್ ಮುಗಿಯೋವರೆಗೆ ನಾಲ್ಕನ್ನೇ ತಿರುಗಿಸಿ, ಮುಂದಿನ ಸೆಟ್‌ನಿಂದ ಐದು ಮಾಡಿ.

ಕೊನೇದಾಗಿ ಸವೆತ ಹೇಗಾಗಿದೆ ನೋಡಿ. ಎರಡೂ ಅಂಚು ಸವೆದು ಮಧ್ಯ ಎತ್ತರ ಇದ್ರೆ ಗಾಳಿ ಕಮ್ಮಿ ಇಟ್ಟು ಓಡ್ಸಿದ್ದೀರಿ, ಮಧ್ಯ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ. ಒಂದೇ ಅಂಚು ತಿಂದಿದ್ರೆ, ಇಲ್ಲಾ ಕೈ ಸವರಿದಾಗ ಒಂದು ಕಡೆಗೆ ನುಣ್ಣಗೆ ಇನ್ನೊಂದು ಕಡೆಗೆ ಗರಗಸದ ಹಾಗೆ ತರಚಿದ್ರೆ ಅಲೈನ್‌ಮೆಂಟ್, ಅಂದ್ರೆ ಚಕ್ರಗಳು ನಿಲ್ಲೋ ಕೋನ, ಹೋಗಿದೆ. ಅಲ್ಲಲ್ಲಿ ಗುಳಿ ಗುಳಿ ಬಿದ್ದಿದ್ರೆ ಶಾಕ್ ಅಬ್ಸಾರ್ಬರ್ ಇಲ್ಲಾ ಬ್ಯಾಲೆನ್ಸಿಂಗ್ ಮೇಲೆ ಅನುಮಾನ. ಇವ್ಯಾವುದನ್ನೂ ರೊಟೇಶನ್ ಸರಿ ಮಾಡಲ್ಲ, ಅದೇ ಮೂಲೆಗೆ ಹೊಸ ಬಲಿ ಕೊಟ್ಟ ಹಾಗಾಗುತ್ತೆ ಅಷ್ಟೇ, ಮೊದಲು ಅದನ್ನ ರಿಪೇರಿ ಮಾಡ್ಸಿ.

ಸಾಮಾನು, ಜಾಗ

ಜಾಕು, ವೀಲ್ ಸ್ಪ್ಯಾನರ್, ಚಕ್ರಕ್ಕೆ ಕೊಡೋಕೆ ಎರಡು ಮೂರು ಕಲ್ಲು ಇಲ್ಲಾ ಮರದ ತುಂಡು, ಸೀಮೆಸುಣ್ಣ, ವೈರ್ ಬ್ರಷ್, ಗಾಳಿ ನೋಡೋ ಗೇಜು, ಗಾಳಿ ತುಂಬೋ ಪಂಪು. ಇಷ್ಟರ ಜೊತೆ ಒಂದು ಟಾರ್ಕ್ ರೆಂಚ್ (ನಟ್ಟು ಎಷ್ಟು ಬಿಗಿ ಆಗ್ಬೇಕು ಅಂತ ಸೆಟ್ ಮಾಡಿದ್ರೆ ಅಷ್ಟಾದಾಗ ಕ್ಲಿಕ್ ಅನ್ನೋ ಸ್ಪ್ಯಾನರ್) ಇರ್ಲೇಬೇಕು ಅನ್ನೋದು ನನ್ನ ಹಠ, ಬೇರೇದರಲ್ಲಿ ಬೇಕಾದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ ಇದರಲ್ಲಿ ಬೇಡ, ಯಾಕೆ ಅಂತ ಆಮೇಲೆ ಬರುತ್ತೆ. ನಟ್ಟುಗಳಲ್ಲಿ ಒಂದು ಕಳ್ಳರ ಕಾಟಕ್ಕೆ ಹಾಕಿರೋ ಲಾಕ್ ನಟ್ಟಾಗಿದ್ರೆ ಅದರ ಕೀ ಎಲ್ಲಿದೆ ಅಂತ ಈಗಲೇ ಹುಡುಕಿ ಇಟ್ಕೊಳ್ಳಿ.

ಜಾಗ ಸಮತಟ್ಟಾಗಿ ಗಟ್ಟಿಯಾಗಿರ್ಬೇಕು. ಇಳಿಜಾರಲ್ಲಿ ಈ ಕೆಲಸ ಬೇಡವೇ ಬೇಡ. ಮಣ್ಣಿನ ನೆಲ ಆದ್ರೆ ಜಾಕಿನ ಕೆಳಗೆ ಅಗಲವಾದ ದಪ್ಪ ಹಲಗೆ ಹಾಕಿ. ಹ್ಯಾಂಡ್ ಬ್ರೇಕ್ ಎಳೆದು, ಮ್ಯಾನ್ಯುಯಲ್ ಆದ್ರೆ ಗೇರಲ್ಲಿ, ಆಟೋಮ್ಯಾಟಿಕ್ ಆದ್ರೆ ಪಾರ್ಕ್‌ನಲ್ಲಿ ಇಡಿ. ಇಷ್ಟಾದ್ರೂ ಕಲ್ಲು ಕೊಡ್ಬೇಕಾ ಅಂತ ಕೇಳ್ತಾರೆ, ಕೊಡ್ಲೇಬೇಕು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನ ಮಾತ್ರ ಹಿಡಿಯೋದು, ಹಿಂದೆ ಒಂದು ಎತ್ತಿದ್ರೆ ಅರ್ಧ ಹಿಡಿತ ಹೋಯ್ತು. ಫ್ರಂಟ್ ವೀಲ್ ಡ್ರೈವಲ್ಲಿ ಗೇರು, ಪಾರ್ಕ್ ಎರಡೂ ಹಿಡಿಯೋದು ಮುಂದಿನ ಚಕ್ರಗಳನ್ನ, ಅದ್ರಲ್ಲಿ ಒಂದು ಗಾಳಿಯಲ್ಲಿ ಎತ್ತಿಬಿಟ್ರೆ ಡಿಫರೆನ್ಶಿಯಲ್ ದೆಸೆಯಿಂದ ಅದು ತಿರುಗ್ತಾ ನೆಲದ ಮೇಲಿರೋ ಇನ್ನೊಂದೂ ಉರುಳ್ಬೋದು. ಹಾಗಾಗಿ ಯಾವ ಚಕ್ರ ಎತ್ತುತ್ತೀರೋ ಅದರ ಎದುರು ಮೂಲೆ ಚಕ್ರಕ್ಕೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಕೊಡಿ, ಪ್ರತಿ ಸಲ ಎತ್ತುವಾಗ್ಲೂ ಕಲ್ಲಿನ ಜಾಗ ಬದಲಾಯಿಸೋಕೆ ಸೋಮಾರಿತನ ಬೇಡ. ಏರ್ ಸಸ್ಪೆನ್ಶನ್ ಗಾಡಿ ಆದ್ರೆ ಜಾಕ್ ಮೋಡ್ ಅಂತ ಇರುತ್ತೆ, ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಎತ್ತಿದ ಗಾಡಿ ತಾನೇ ಲೆವೆಲ್ ಮಾಡ್ಕೊಳ್ಳೋಕೆ ಹೋಗುತ್ತೆ.

ಯಾವುದು ಎಲ್ಲಿಗೆ

ಎಡ ಬಲ ಅನ್ನೋದು ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡಿದಾಗಿನ ಲೆಕ್ಕ. ಸೀಮೆಸುಣ್ಣದಲ್ಲಿ ಪ್ರತಿ ಟೈರ್ ಮೇಲೂ ಈಗಿರೋ ಜಾಗ ಬರೀರಿ, ಸ್ಟೆಪ್ನಿ ಮೇಲೂ. ಬರೀದೇ ಶುರು ಮಾಡಿದ್ರೆ ಮೂರನೇ ಚಕ್ರದ ಹೊತ್ತಿಗೆ ಯಾವುದು ಎಲ್ಲಿಂದ ಬಂತು ಅಂತ ತಲೆ ಕೆರ್ಕೋಬೇಕಾಗುತ್ತೆ.

ಫ್ರಂಟ್ ವೀಲ್ ಡ್ರೈವ್ ಗಾಡಿಗೆ, ಬಾಣ ಇಲ್ಲದ ಐದು ಟೈರ್ ಇದ್ರೆ, ಕ್ರಮ ಹೀಗೆ:

ಮೊದಲು ಹಿಂದಿನ ಬಲ ಎತ್ತಿ, ಅದನ್ನ ಬಿಚ್ಚಿ ಸ್ಟೆಪ್ನಿ ಹಾಕಿ.
ಬಿಚ್ಚಿದ ಹಿಂದಿನ ಬಲ ಟೈರು ಮುಂದಿನ ಎಡಕ್ಕೆ.
ಅಲ್ಲಿಂದ ಬಂದ ಮುಂದಿನ ಎಡ ಟೈರು ಸೀದಾ ಹಿಂದಿನ ಎಡಕ್ಕೆ.
ಅಲ್ಲಿಂದ ಬಂದ ಹಿಂದಿನ ಎಡ ಟೈರು ಮುಂದಿನ ಬಲಕ್ಕೆ.
ಮುಂದಿನ ಬಲದಿಂದ ಬಂದದ್ದು ಡಿಕ್ಕಿಗೆ, ಅದೇ ಹೊಸ ಸ್ಟೆಪ್ನಿ.

ರಿಯರ್ ವೀಲ್ ಡ್ರೈವ್ ಇಲ್ಲಾ ಫೋರ್ ವೀಲ್ ಡ್ರೈವ್ ಗಾಡಿಗೆ ಶುರು ಅದೇ, ಸ್ಟೆಪ್ನಿ ಹಿಂದಿನ ಬಲಕ್ಕೆ. ಆಮೇಲೆ ಹಿಂದಿನ ಬಲದ್ದು ಸೀದಾ ಮುಂದಿನ ಬಲಕ್ಕೆ, ಮುಂದಿನ ಬಲದ್ದು ಅಡ್ಡ ಹಾಯ್ದು ಹಿಂದಿನ ಎಡಕ್ಕೆ, ಹಿಂದಿನ ಎಡದ್ದು ಸೀದಾ ಮುಂದಿನ ಎಡಕ್ಕೆ, ಮುಂದಿನ ಎಡದ್ದು ಡಿಕ್ಕಿಗೆ. ಐದು ಸಲ ರೊಟೇಶನ್ ಆದ್ರೆ ಪ್ರತಿ ಟೈರೂ ಐದೂ ಜಾಗ ಸುತ್ತಿ ಬಂದಿರುತ್ತೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬೇರೆ ಚಿತ್ರ ಇದ್ರೆ ನಂದು ಬಿಟ್ಟು ಅದನ್ನೇ ಹಿಡ್ಕೊಳ್ಳಿ.

ಸ್ಟೆಪ್ನಿ ಸೇರಿಸೋ ಹಾಗಿಲ್ಲ, ಟೆಂಪರರಿದು ಅಂದ್ರೂ ಇದೇ ಕ್ರಮ ನಡೆಯುತ್ತೆ, ಒಂದೇ ವ್ಯತ್ಯಾಸ: ಕೊನೇಲಿ ಉಳಿದ ಟೈರು ಡಿಕ್ಕಿಗೆ ಹೋಗೋ ಬದಲು ಹಿಂದಿನ ಬಲಕ್ಕೆ ಬರುತ್ತೆ, ಅಲ್ಲಿ ತಾತ್ಕಾಲಿಕವಾಗಿ ನಿಂತಿದ್ದ ಸ್ಟೆಪ್ನಿ ವಾಪಸ್ ಡಿಕ್ಕಿಗೆ. ಅಂದ್ರೆ ಒಂದು ಸಲ ಜಾಸ್ತಿ ಎತ್ತಬೇಕು, ಒಟ್ಟು ಐದು. ನಿಂತಲ್ಲೇ ನಿಂತ ಗಾಡಿಗೆ ಚಿಕ್ಕ ಸ್ಟೆಪ್ನಿ ಆಸರೆ ಕೊಟ್ರೆ ಏನೂ ಆಗಲ್ಲ, ನಟ್ಟು ಮಾತ್ರ ಸರಿಯಾಗಿ ಬಿಗಿ ಮಾಡಿ. ಬಾಣದ ಟೈರಾದ್ರೆ ಬಲಗಡೆ ಮುಂದೆ ಹಿಂದೆ ಒಂದು ಸುತ್ತು, ಎಡಗಡೆ ಇನ್ನೊಂದು ಸುತ್ತು, ಎರಡರಲ್ಲೂ ಸ್ಟೆಪ್ನಿ ಬರೀ ಜಾಗ ಹಿಡಿಯೋಕೆ, ಆಗ ಆರು ಸಲ ಎತ್ತಬೇಕು.

ಒಂದೊಂದು ಚಕ್ರದ ಕೆಲಸ

ಗಾಡಿ ಎತ್ತೋ ಮುಂಚೆ, ಟೈರು ನೆಲ ಕಚ್ಚಿರುವಾಗ್ಲೇ ಆ ಚಕ್ರದ ನಟ್ಟುಗಳನ್ನ ಕಾಲು ಸುತ್ತು ಮಾತ್ರ ಸಡಿಲ ಮಾಡಿ. ಎತ್ತಿದ ಮೇಲೆ ಜೋರು ಹಾಕಿದ್ರೆ ಚಕ್ರ ತಿರುಗುತ್ತೆ, ಜಾಕ್ ಅಲ್ಲಾಡುತ್ತೆ. ಎತ್ತೋ ಚಕ್ರದ್ದು ಮಾತ್ರ ಸಡಿಲ ಮಾಡಿ, ನಾಲ್ಕೂ ಒಟ್ಟಿಗೆ ಸಡಿಲ ಮಾಡಿಟ್ಕೋಬೇಡಿ.

ಜಾಕ್ ಕೊಡೋ ಜಾಗ ಪ್ರತಿ ಗಾಡಿಗೂ ಗೊತ್ತುಪಡಿಸಿರುತ್ತೆ, ಸಾಮಾನ್ಯವಾಗಿ ಬಾಗಿಲ ಕೆಳಗಿನ ಅಂಚಲ್ಲಿ ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ ಎರಡು ಸಣ್ಣ ಕಚ್ಚು ಕಾಣುತ್ತೆ, ಅವೆರಡರ ನಡುವೆ ಜಾಕಿನ ತಲೆ ಕೂರ್ಬೇಕು. ಬೇರೆ ಕಡೆ ಕೊಟ್ರೆ ತಗಡು ನುಗ್ಗಾಗುತ್ತೆ. ಟೈರು ನೆಲದಿಂದ ಎರಡು ಬೆರಳು ಎದ್ರೆ ಸಾಕು. ಬಿಚ್ಚಿಟ್ಟಿರೋ ಟೈರು ಯಾವಾಗ್ಲೂ ಒಂದು ಕೈಲಿ ಇರುತ್ತಲ್ಲ, ಅದನ್ನ ಮಲಗಿಸಿ ಜಾಕ್ ಪಕ್ಕದಲ್ಲಿ ಬಾಡಿ ಕೆಳಗೆ ತಳ್ಳಿ, ಜಾಕ್ ಜಾರಿದ್ರೂ ಗಾಡಿ ಅದರ ಮೇಲೆ ನಿಲ್ಲುತ್ತೆ. ಗಾಡಿ ಕೆಳಗೆ ಕೈ ಕಾಲು ತಲೆ ಏನೂ ತೂರಿಸೋ ಹಾಗಿಲ್ಲ, ಒಳಗೆ ಯಾರೂ ಕೂತಿರೋ ಹಾಗೂ ಇಲ್ಲ.

ನಟ್ಟೆಲ್ಲ ಬಿಚ್ಚಿದ್ರೂ ಚಕ್ರ ಹೊರಗೆ ಬರ್ತಿಲ್ಲ ಅಂದ್ರೆ ಚಕ್ರ ಕೂರೋ ನಡುವಿನ ಭಾಗ, ಹಬ್‌ನಲ್ಲಿ ತುಕ್ಕು ಹಿಡಿದು ಕಚ್ಕೊಂಡಿದೆ, ಅಲಾಯ್‌ನಲ್ಲಿ ಇದು ಜಾಸ್ತಿ. ಸುತ್ತಿಗೆ ತಗೊಂಡು ರಿಮ್‌ಗೆ ಹೊಡೀಬೇಡಿ. ಎರಡು ನಟ್ಟು ಒಂದೆರಡು ಸುತ್ತು ವಾಪಸ್ ಹಾಕಿ, ಚಕ್ರದ ಎದುರು ನಿಂತು ಟೈರಿನ ಪಕ್ಕಕ್ಕೆ ಅಂಗಾಲಲ್ಲಿ ಒದೀರಿ, ಸ್ವಲ್ಪ ತಿರುಗಿಸಿ ಮತ್ತೆ ಒದೀರಿ, ಬಿಟ್ಕೊಳ್ಳುತ್ತೆ. ಬಂದ ಮೇಲೆ ಹಬ್ ಮುಖ, ರಿಮ್ ಹಿಂಭಾಗ ಎರಡನ್ನೂ ವೈರ್ ಬ್ರಷ್‌ನಲ್ಲಿ ಉಜ್ಜಿ. ಇದನ್ನ ಬಿಡೋರೇ ಜಾಸ್ತಿ, ಆದ್ರೆ ತುಕ್ಕಿನ ಚಕ್ಕೆ ಮಧ್ಯೆ ಸಿಕ್ಕಿದ್ರೆ ಚಕ್ರ ಸಮ ಕೂರಲ್ಲ, ಓಡ್ತಾ ಓಡ್ತಾ ಆ ಚಕ್ಕೆ ಪುಡಿಯಾದಾಗ ನಟ್ಟು ತಾನೇ ಸಡಿಲ ಆಗುತ್ತೆ. ನಟ್ಟು ಕೂರೋ ಸ್ಟಡ್‌ಗೆ (ಹಬ್‌ನಿಂದ ಹೊರಗೆ ಚಾಚಿರೋ ಬೋಲ್ಟು) ಎಣ್ಣೆ ಗ್ರೀಸು ಹಾಕ್ಬೇಡಿ. ಕಂಪನಿ ಕೊಟ್ಟಿರೋ ಟಾರ್ಕ್ (ನಟ್ಟು ಬಿಗಿ ಮಾಡೋ ಬಲದ ಅಳತೆ) ಒಣಗಿದ ಥ್ರೆಡ್ ಲೆಕ್ಕದ್ದು, ಎಣ್ಣೆ ಇದ್ರೆ ಅದೇ ಟಾರ್ಕ್‌ಗೆ ನಟ್ಟು ಬೇಕಾದ್ದಕ್ಕಿಂತ ಜಾಸ್ತಿ ಎಳೆದು ಸ್ಟಡ್ ಹಿಗ್ಗುತ್ತೆ.

ಚಕ್ರ ಹೊರಗಿರುವಾಗ ಒಂದು ನಿಮಿಷ ಒಳಗೆ ಟಾರ್ಚ್ ಬಿಡಿ. ಬ್ರೇಕ್ ಪ್ಯಾಡ್ 3 ಮಿಮೀ ಹತ್ರ ಬಂದಿದ್ರೆ ಬದಲಾಯಿಸೋ ಟೈಮು ಬಂತು. ಬ್ರೇಕ್ ಪೈಪು ಬಿರುಕು ಬಿಟ್ಟಿದ್ಯಾ, ಆಕ್ಸಲ್ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದ್ಯಾ, ಶಾಕ್ ಅಬ್ಸಾರ್ಬರ್ ಆಯಿಲ್ ಸೋರ್ತಿದ್ಯಾ ನೋಡಿ. ಟೈರಿನ ಒಳಗೋಡೆ ನೋಡೋ ಅವಕಾಶ ಸಿಗೋದೂ ಈಗ್ಲೇ, ಕೊಯ್ದ ಗಾಯ, ಉಬ್ಬು ಏನಾದ್ರೂ ಇದ್ರೆ ಆ ಟೈರು ರೊಟೇಶನ್‌ಗಲ್ಲ, ಗುಜರಿಗೆ.

ಹೊಸ ಚಕ್ರ ಕೂರಿಸಿ ನಟ್ಟುಗಳನ್ನ ಬರೀ ಬೆರಳಲ್ಲಿ ತಿರುಗಿಸಿ ಶುರು ಮಾಡಿ, ಕೋನಾಕಾರದ ಮುಖ ಇದ್ರೆ ಅದು ರಿಮ್ ಕಡೆಗೆ. ಬೆರಳಲ್ಲಿ ನಾಲ್ಕೈದು ಸುತ್ತು ಹೋಗ್ಲಿಲ್ಲ ಅಂದ್ರೆ ಥ್ರೆಡ್ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಸ್ಪ್ಯಾನರಲ್ಲಿ ಒತ್ತಾಯ ಮಾಡಿದ್ರೆ ಸ್ಟಡ್ ಹೋಯ್ತು ಅಂತ್ಲೇ ಲೆಕ್ಕ. ಆಮೇಲೆ ಎದುರು ಬದುರು ನಟ್ಟು ಹಿಡಿದು, ಐದು ನಟ್ಟಿದ್ರೆ ನಕ್ಷತ್ರ ಬರೆಯೋ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜಾಕ್ ಇಳಿಸಿ ಟೈರು ನೆಲಕ್ಕೆ ತಾಗಿ ಚಕ್ರ ತಿರುಗದ ಹಾಗಾದ ಮೇಲೆ ಅದೇ ಕ್ರಮದಲ್ಲಿ ಟಾರ್ಕ್ ರೆಂಚ್ ಹಾಕಿ. ಸಾಮಾನ್ಯ ಕಾರುಗಳಿಗೆ 90ರಿಂದ 120 ನ್ಯೂಟನ್ ಮೀಟರ್ ಆಸುಪಾಸು ಇರುತ್ತೆ, ದೊಡ್ಡ ಗಾಡಿಗೆ ಇನ್ನೂ ಜಾಸ್ತಿ, ನಿಮ್ಮ ಗಾಡಿಯ ನಂಬರ್ ಮ್ಯಾನ್ಯುಯಲ್‌ನಲ್ಲಿ ನೋಡ್ಲೇಬೇಕು. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಕುಣಿಯೋ ಪದ್ಧತಿ ಇದೆಯಲ್ಲ, ಅದರಲ್ಲಿ ಒಂದು ನಟ್ಟು 200 ಒಂದು ನಟ್ಟು 120 ಆಗುತ್ತೆ. ಸ್ಟಡ್ ಎಳೆದುಹೋಗೋದು ಒಂದು, ಬ್ರೇಕ್ ಡಿಸ್ಕ್ ವಾರೆಯಾಗಿ ಬ್ರೇಕ್ ಹಾಕಿದಾಗ ಪೆಡಲ್ ನಡುಗೋದು ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾಗಿ ರಾತ್ರಿ ಮಳೇಲಿ ಪಂಕ್ಚರ್ ಆದಾಗ ಆ ನಟ್ಟು ನಿಮ್ಮ ಕೈಲೇ ಬಿಚ್ಚೋಕಾಗಲ್ಲ.

ಗಾಳಿ

ಇಲ್ಲಿ ಒಂದು ವಿಷಯ ತುಂಬ ಜನ ಮರೀತಾರೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಲ್ಲಿ ಮುಂದೆ ಇಷ್ಟು ಹಿಂದೆ ಇಷ್ಟು ಅಂತ ಬೇರೆ ಬೇರೆ ಕೊಟ್ಟಿರ್ತಾರೆ, ಅದು ಜಾಗದ ಲೆಕ್ಕ, ಟೈರಿನ ಲೆಕ್ಕ ಅಲ್ಲ. ಮುಂದಿಂದ ಹಿಂದಕ್ಕೆ ಹೋದ ಟೈರು ಹಳೇ ಗಾಳಿ ಹೊತ್ಕೊಂಡೇ ಹೋಗಿರುತ್ತೆ, ಹಾಗಾಗಿ ಎಲ್ಲಾ ಮುಗಿದ ಮೇಲೆ ನಾಲ್ಕಕ್ಕೂ ಹೊಸ ಜಾಗದ ಪ್ರಕಾರ ಗಾಳಿ ಸರಿ ಮಾಡಿ. ನೋಡೋದು ಟೈರು ತಣ್ಣಗಿರುವಾಗ, ಗಾಡಿ ನಿಂತು ಮೂರು ಗಂಟೆ ಆಗಿರ್ಬೇಕು. ಉಷ್ಣತೆ ಐದಾರು ಡಿಗ್ರಿ ಏರಿದ್ರೆ ಗಾಳಿ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತೆ, ಓಡಿಸಿ ಬಂದು ಜಾಸ್ತಿ ತೋರಿಸ್ತು ಅಂತ ಗಾಳಿ ಹೊರಗೆ ಬಿಟ್ಟುಬಿಟ್ರೆ ಬೆಳಿಗ್ಗೆ ಕಮ್ಮಿ ಆಗಿರುತ್ತೆ. ಟೈರ್ ಗೋಡೆ ಮೇಲೆ ಬರೆದಿರೋ ದೊಡ್ಡ ನಂಬರ್ ಅದು ತಡೆಯೋ ಗರಿಷ್ಠ, ಅದನ್ನ ತುಂಬೋದಲ್ಲ.

ಡಿಕ್ಕಿಗೆ ಹೋದ ಟೈರಿಗೆ ಸ್ಟಿಕ್ಕರಲ್ಲಿರೋ ಅತಿ ಹೆಚ್ಚಿನ ನಂಬರ್‌ಗೆ ತುಂಬಿಡಿ. ಯಾವ ಮೂಲೆಗೆ ಬೇಕಾಗುತ್ತೋ ಗೊತ್ತಿಲ್ಲ, ಗಾಳಿ ಬಿಡೋದು ಸುಲಭ, ದಾರೀಲಿ ತುಂಬೋದು ಕಷ್ಟ. ಟೆಂಪರರಿ ಸ್ಟೆಪ್ನಿಗೆ ಬಹಳ ಸಲ 60 ಪಿಎಸ್‌ಐ ಬೇಕಿರುತ್ತೆ, ಅದರ ಮೇಲೇ ಬರೆದಿರುತ್ತೆ.

ಸೆನ್ಸರ್ ಗಲಾಟೆ

ಪ್ರೆಶರ್ ಸೆನ್ಸರ್ ಸಿಸ್ಟಮ್, ಟಿಪಿಎಂಎಸ್ ಅಂತಾರಲ್ಲ, ಅಮೆರಿಕದಲ್ಲಿ 2007ರ ಸೆಪ್ಟೆಂಬರ್‌ನಿಂದ, ಯುರೋಪಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ ಆಯ್ತು, ಬೇರೆ ಕಡೆ ಕೂಡ ಈಗ ಬಹಳ ಕಾರಲ್ಲಿ ಬರುತ್ತೆ. ಇದರಲ್ಲಿ ಎರಡು ಜಾತಿ, ನಿಮ್ಮದು ಯಾವುದು ಅಂತ ಮೊದಲು ಗೊತ್ತಿರ್ಬೇಕು.

ಮೊದಲನೇದರಲ್ಲಿ ಟೈರೊಳಗೆ ಸೆನ್ಸರೇ ಇರಲ್ಲ. ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಚಕ್ರ ವೇಗ ಅಳೆಯೋ ಸೆನ್ಸರನ್ನೇ ಉಪಯೋಗಿಸ್ಕೊಂಡು, ಗಾಳಿ ಇಳಿದ ಟೈರಿನ ವ್ಯಾಸ ಕಮ್ಮಿಯಾಗಿ ಬೇರೆಯವಕ್ಕಿಂತ ಜೋರಾಗಿ ತಿರುಗ್ತಿದೆ ಅಂತ ಕಂಡುಹಿಡಿಯುತ್ತೆ. ಸ್ಕ್ರೀನಲ್ಲಿ ಒಂದೊಂದು ಟೈರಿನ ಪಿಎಸ್‌ಐ ಬರದೇ ಬರೀ ಲೈಟ್ ಬರೋದಿದ್ರೆ, ಜೊತೆಗೆ ರೀಸೆಟ್ ಬಟನ್ನೋ ಮೆನುವೋ ಇದ್ರೆ ಹೆಚ್ಚಾಗಿ ಇದೇ. ಇದಕ್ಕೆ ಕೆಲಸ ಸುಲಭ: ಗಾಳಿ ಸರಿ ಮಾಡಿ, ರೀಸೆಟ್ ಒತ್ತಿ, ಸ್ವಲ್ಪ ದೂರ ಓಡಿಸಿ, ಹೊಸ ಲೆಕ್ಕ ಕಲ್ತುಕೊಳ್ಳುತ್ತೆ. ಗಾಳಿ ಸರಿ ಮಾಡೋ ಮುಂಚೆ ರೀಸೆಟ್ ಒತ್ತಬೇಡಿ, ತಪ್ಪು ಗಾಳಿಯನ್ನೇ ಸರಿ ಅಂತ ಕಲೀತದೆ.

ಎರಡನೇದರಲ್ಲಿ ಪ್ರತಿ ಚಕ್ರದೊಳಗೆ ವಾಲ್ವ್ ಹಿಂದೆ ಬ್ಯಾಟರಿ ಇರೋ ಸೆನ್ಸರ್ ಕೂತಿರುತ್ತೆ, ಪ್ರತಿಯೊಂದಕ್ಕೂ ಅದರದೇ ಐಡಿ ನಂಬರ್, ರೇಡಿಯೋದಲ್ಲಿ ಕಳಿಸ್ತಾ ಇರುತ್ತೆ. ತಿರುಗಿಸಿದ ಮೇಲೆ ಸೆನ್ಸರ್ ಜಾಗ ಬದಲಾಗಿದೆ, ಆದ್ರೆ ಕಾರಿಗೆ ಹೇಳೋರ್ಯಾರು? ಕೆಲವು ಕಾರು ಸ್ವಲ್ಪ ಹೊತ್ತು ಓಡಿಸಿದ್ರೆ ತಾನೇ ಹುಡುಕ್ಕೊಳ್ಳುತ್ತೆ. ಕೆಲವಕ್ಕೆ ಮೆನುವಿಂದ ಕಲಿಯೋ ಮೋಡ್‌ಗೆ ಹಾಕಿ, ಒಂದು ಸಣ್ಣ ಟೂಲನ್ನ ವಾಲ್ವ್ ಹತ್ರ ಹಿಡಿದು ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಒಂದೊಂದಾಗಿ ಎಬ್ಬಿಸ್ಬೇಕು, ಬಹಳ ಕಾರಲ್ಲಿ ಮುಂದಿನ ಎಡದಿಂದ ಶುರುವಾಗಿ ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ ಅಂತ ಸುತ್ತು ಬರುತ್ತೆ. ಇನ್ನು ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರಿಗೆ ಟೂಲ್ ಜೋಡಿಸೋ ಜಾಗ) ಚುಚ್ಚಿ ಐಡಿ ಬರೀಬೇಕು, ಅದು ಅಂಗಡಿ ಕೆಲಸ.

ನಿಮ್ಮ ಕಾರು ತಾನೇ ಕಲಿಯುತ್ತಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ ಒಂದು ಉಪಾಯ: ಒಂದೇ ಒಂದು ಟೈರಿಗೆ, ಮುಂದಿನ ಎಡ ಅಂದ್ಕೊಳ್ಳಿ, 3 ಪಿಎಸ್‌ಐ ಜಾಸ್ತಿ ತುಂಬಿ. ಓಡಿಸಿ ಬಂದಾಗ ಸ್ಕ್ರೀನಲ್ಲಿ ಆ ಜಾಸ್ತಿ ನಂಬರ್ ಯಾವ ಮೂಲೇಲಿ ಕಾಣುತ್ತೆ ನೋಡಿ. ಮುಂದಿನ ಎಡದಲ್ಲೇ ಕಂಡ್ರೆ ಕಲಿತಿದೆ, ಬೇರೆ ಕಡೆ ಕಂಡ್ರೆ ಇನ್ನೂ ಹಳೇ ಜಾಗವನ್ನೇ ನಂಬ್ಕೊಂಡಿದೆ. ನೋಡಿದ ಮೇಲೆ, ಟೈರು ತಣ್ಣಗಾದಾಗ ಜಾಸ್ತಿ ಗಾಳಿ ಬಿಟ್ಟುಬಿಡಿ. ನಿಂತಲ್ಲೇ ಸ್ಕ್ರೀನ್ ನೋಡ್ತಾ ಕೂತ್ರೆ ಪ್ರಯೋಜನ ಇಲ್ಲ, ಬ್ಯಾಟರಿ ಉಳಿಸೋಕೆ ನಿಂತ ಗಾಡೀಲಿ ಸೆನ್ಸರ್ ಮಲಗಿರುತ್ತೆ, ಚಕ್ರ ತಿರುಗಿದ್ರೇನೇ ಏಳೋದು.

ಸ್ಟೆಪ್ನಿಯಲ್ಲಿ ಸೆನ್ಸರ್ ಇದೆಯಾ ಅನ್ನೋದೇ ಐದು ಟೈರ್ ರೊಟೇಶನ್‌ನ ದೊಡ್ಡ ಪ್ರಶ್ನೆ. ಬಹಳ ಕಾರಲ್ಲಿ ಇರಲ್ಲ. ಸೆನ್ಸರ್ ಇಲ್ಲದ ಚಕ್ರ ಹಾಕಿದ್ರೆ ಲೈಟ್ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಹಾಗೇ ಉರೀತಾ ನಿಲ್ಲುತ್ತೆ, ಅದು ಗಾಳಿ ಕಮ್ಮಿ ಅಂತಲ್ಲ, ಸಿಗ್ನಲ್ ಬರ್ತಿಲ್ಲ ಅಂತ ಅರ್ಥ. ಮಿಣುಕದೇ ಸೀದಾ ಹತ್ತಿಕೊಂಡ್ರೆ ಮಾತ್ರ ಗಾಳಿ ಕಮ್ಮಿ. ಲೈಟ್ ಉರಿದ್ರೆ ಉರೀಲಿ ಬಿಡಿ ಅಂತ ಕೆಲವರು ಓಡಿಸ್ತಾರೆ, ನಾನು ಒಪ್ಪಲ್ಲ, ಸದಾ ಉರಿಯೋ ಲೈಟು ನಿಜವಾಗ್ಲೂ ಗಾಳಿ ಹೋದ ದಿನ ಏನು ಹೇಳುತ್ತೆ? ಮುಂದಿನ ಸಲ ಟೈರ್ ಬದಲಾಯಿಸುವಾಗ ಹೇಗೂ ರಿಮ್ಮಿಂದ ಬಿಚ್ಚುತ್ತಾರೆ, ಆಗ ಸ್ಟೆಪ್ನಿಗೂ ನಿಮ್ಮ ಕಾರಿಗೆ ಹೊಂದೋ ಸೆನ್ಸರ್ ಹಾಕ್ಸಿ. ಅಲ್ಲಿವರೆಗೆ ನಾಲ್ಕು ಟೈರ್ ಕ್ರಮವೇ ವಾಸಿ. ಹಳೇ ಸೆನ್ಸರ್‌ಗಳ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ, ಬ್ಯಾಟರಿ ಬದಲಾಯಿಸೋಕೆ ಬರಲ್ಲ, ಸೆನ್ಸರೇ ಹೊಸದು ಹಾಕೋದು, ಅದಕ್ಕೂ ಟೈರ್ ಬದಲಾಯಿಸೋ ಹೊತ್ತೇ ಸರಿ.

ವಾಲ್ವ್ ಮೇಲೆ ಕ್ಯಾಪ್ ಥರ ತಿರುಗಿಸೋ ಆಮೇಲೆ ಹಾಕ್ಸಿದ ಸೆನ್ಸರ್ ಇರೋರಿಗೆ ಇಷ್ಟೆಲ್ಲಾ ತಲೆನೋವಿಲ್ಲ. ಕ್ಯಾಪ್ ಮೇಲೆ ಎಫ್‌ಎಲ್ (ಮುಂದಿನ ಎಡ), ಎಫ್‌ಆರ್ (ಮುಂದಿನ ಬಲ), ಆರ್‌ಎಲ್ (ಹಿಂದಿನ ಎಡ), ಆರ್‌ಆರ್ (ಹಿಂದಿನ ಬಲ) ಅಂತ ಬರೆದಿರುತ್ತೆ, ಚಕ್ರ ಎಲ್ಲಿಗೇ ಹೋಗ್ಲಿ ಕ್ಯಾಪ್ ಅದರ ಮೂಲೆಗೇ ವಾಪಸ್ ಹಾಕಿ. ಹಾಕಿದ ಮೇಲೆ ಸೋಪಿನ ನೀರು ಬಿಟ್ಟು ಗುಳ್ಳೆ ಬರ್ತಿದ್ಯಾ ನೋಡಿ. ಒಳಗೆ ಸೆನ್ಸರ್ ಇರೋ ಅಲ್ಯೂಮಿನಿಯಂ ವಾಲ್ವ್‌ಗೆ ಚೆಂದಕ್ಕೆ ಅಂತ ಮೆಟಲ್ ಕ್ಯಾಪ್ ಹಾಕೋದು ಬೇಡ, ತುಕ್ಕಿಗೆ ಕಚ್ಕೊಂಡು ವಾಲ್ವ್ ಸಮೇತ ಮುರಿದು ಬರುತ್ತೆ, ಪ್ಲಾಸ್ಟಿಕ್ಕೇ ಸಾಕು.

ಓಡಿಸಿ ನೋಡಿ

ಮೊದಲ ಸಲ ನಿಧಾನಕ್ಕೆ ಹೋಗಿ ಬ್ರೇಕ್ ಹಾಕಿ ನೋಡಿ. ಸ್ವಲ್ಪ ಸದ್ದು ಬದಲಾಗೋದು ಸಹಜ, ಹಿಂದೆ ಒಂದು ಥರ ಸವೆದ ಟೈರು ಮುಂದೆ ಬಂದಿದೆ, ಕೆಲವು ನೂರು ಕಿಮೀ ಆದ್ಮೇಲೆ ಕಮ್ಮಿ ಆಗುತ್ತೆ. ಮುಂಚೆ ಇಲ್ಲದ ನಡುಕ ಸ್ಟೇರಿಂಗಲ್ಲಿ ಶುರುವಾದ್ರೆ ಹಿಂದೆ ಇದ್ದಾಗ ಗೊತ್ತಾಗದೇ ಇದ್ದ ಬ್ಯಾಲೆನ್ಸ್ ತೊಂದರೆ ಮುಂದೆ ಬಂದಿದೆ ಅಂತ, ಬ್ಯಾಲೆನ್ಸಿಂಗ್ ಮಾಡ್ಸಿದ್ರೆ ಹೋಗುತ್ತೆ. ಗಾಡಿ ಒಂದು ಕಡೆ ಎಳೀತಿದ್ದದ್ದು ಈಗ ಇನ್ನೊಂದು ಕಡೆ ಎಳೆದ್ರೆ ಇಲ್ಲಾ ನಿಂತೇಹೋದ್ರೆ ದೋಷ ಟೈರಲ್ಲಿತ್ತು, ಅದೇ ಕಡೆ ಎಳೀತಾನೇ ಇದ್ರೆ ಅಲೈನ್‌ಮೆಂಟ್ ಇಲ್ಲಾ ಬ್ರೇಕ್ ಚೆಕ್ ಮಾಡ್ಸಿ. ಕಟಕಟ ಅಂತ ಸದ್ದೋ, ಚಕ್ರ ಅಲ್ಲಾಡಿದ ಹಾಗೋ ಅನಿಸಿದ್ರೆ ಅಲ್ಲೇ ನಿಲ್ಲಿಸಿ ನಟ್ಟು ನೋಡಿ, ಮನೆವರೆಗೂ ಹೋಗೋಣ ಅನ್ಬೇಡಿ.

80ರಿಂದ 100 ಕಿಮೀ ಓಡಿಸಿದ ಮೇಲೆ ಟಾರ್ಕ್ ರೆಂಚ್ ಮತ್ತೆ ತೆಗೆದು, ಚಕ್ರ ತಣ್ಣಗಿರುವಾಗ, ಎಲ್ಲಾ ನಟ್ಟಿಗೂ ಒಂದು ಸುತ್ತು ಹಾಕಿ, ಕ್ಲಿಕ್ ಅಂದ್ರೆ ಮುಂದಿನದಕ್ಕೆ ಹೋಗಿ. ಲಾಕ್ ನಟ್ಟಿನ ಕೀ ಕೆಲಸ ಮಾಡಿದ ಜಾಗದಲ್ಲೇ ಬಿಡ್ಬೇಡಿ, ವಾಪಸ್ ಡಿಕ್ಕಿಯ ಟೂಲ್ ಚೀಲಕ್ಕೆ ಹಾಕಿ, ಕಿಮೀ ರೀಡಿಂಗೂ ಯಾವ ಟೈರು ಈಗ ಸ್ಟೆಪ್ನಿ ಅನ್ನೋದನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ, ಮುಂದಿನ ಸಲ ಸೀಮೆಸುಣ್ಣ ಅಳಿಸಿಹೋಗಿರುತ್ತೆ.